ಕೆಲಸ ಕೊಟ್ಟವನ ಬೆನ್ನಿಗೆ ನಿಲ್ಲುವವರು ಯಾರು?

ವಿಕಲಚೇತನರಿಗೆ ಉದ್ಯೋಗ ಸಿಗಬೇಕು ಎಂಬ ಮಾತಿಗೆ ಇಂದು ಯಾರ ವಿರೋಧವೂ ಇಲ್ಲ. ಪ್ರತಿ ವರ್ಷ ಡಿಸೆಂಬರ್ 3ರಂದು, ವಿಶ್ವ ವಿಕಲಚೇತನರ ದಿನದ ವೇದಿಕೆಗಳಲ್ಲಿ ಈ ಮಾತು ಕೇಳಿಬರುತ್ತದೆ. ಸನ್ಮಾನ ನಡೆಯುತ್ತದೆ, ಗಾಲಿಕುರ್ಚಿ ಹಂಚಲಾಗುತ್ತದೆ, ಫೋಟೋ ತೆಗೆಯಲಾಗುತ್ತದೆ. ಆದರೆ ಕೆಲಸ ಎಂದ ಮೇಲೆ ಕೆಲಸ ಕೊಡುವವನೊಬ್ಬ ಇರಲೇಬೇಕಲ್ಲವೇ? ಅವನ ಬಗ್ಗೆ ನಾವು ಮಾತನಾಡುವುದು ತೀರಾ ಕಡಿಮೆ. ಕೊಡದಿದ್ದರೆ ಕಲ್ಲು ಮನಸ್ಸಿನವನು ಎನ್ನುತ್ತೇವೆ, ಕೊಟ್ಟರೆ ಪುಣ್ಯವಂತ ಎನ್ನುತ್ತೇವೆ. ಕೊಟ್ಟ ಮೇಲೆ ಮೂರನೇ ತಿಂಗಳಲ್ಲಿ ತೊಡಕು ಬಂದರೆ ಅವನು ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈ ಪ್ರಶ್ನೆಯನ್ನು ಮಂಗಳೂರು, ಬೆಂಗಳೂರಿನಂಥ ನಗರಗಳಲ್ಲಿ ಕೇಳುವುದು ಸುಲಭ. ಅಲ್ಲಿ ಸಂಸ್ಥೆಗಳಿವೆ, ತರಬೇತಿ ಕೇಂದ್ರಗಳಿವೆ, ದೊಡ್ಡ ಕಂಪೆನಿಗಳಿವೆ. ಆದ್ದರಿಂದ ಈ ಬಾರಿ ಕರಾವಳಿಯಿಂದ ಘಟ್ಟ ಹತ್ತಿ ಒಂದು ಹೋಬಳಿ ಕೇಂದ್ರದಲ್ಲಿ ನಿಂತು ಇದೇ ಪ್ರಶ್ನೆಯನ್ನು ಕೇಳಿ ನೋಡೋಣ. ಆ ಊರು ಅರಸೀಕೆರೆ.

ಯಾವ ಅರಸೀಕೆರೆ?

ಅರಸೀಕೆರೆ ಎಂದಾಕ್ಷಣ ಹಾಸನ ಜಿಲ್ಲೆಯ ರೈಲು ಜಂಕ್ಷನ್ ನೆನಪಾಗುವುದು ಸಹಜ. ಇದು ಅದಲ್ಲ. ಇದು ಹರಪನಹಳ್ಳಿ ತಾಲೂಕಿನ ಒಂದು ಹೋಬಳಿ ಕೇಂದ್ರ. ಕೋಟೆಯಿರುವ ಉಚ್ಚಂಗಿದುರ್ಗ ಇದೇ ತಾಲೂಕಿನಲ್ಲಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಇವೆಲ್ಲ ಸುತ್ತಲಿನ ಸೋದರ ತಾಲೂಕುಗಳು. ಮಳೆಯನ್ನೇ ನಂಬಿದ ಬಯಲುಸೀಮೆ. ಮೆಕ್ಕೆಜೋಳ, ಜೋಳ, ಶೇಂಗಾ ಇಲ್ಲಿನ ಬೆಳೆ. ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೊರಡುತ್ತಾರೆ. ಗಟ್ಟಿಮುಟ್ಟಾದವರು ಹೋಗುತ್ತಾರೆ. ಕಾಲಿಲ್ಲದವರು, ಕಣ್ಣು ಕಾಣದವರು, ಬುದ್ಧಿಮಾಂದ್ಯತೆ ಇರುವವರು ಹೆಚ್ಚಾಗಿ ಊರಿನಲ್ಲೇ ಉಳಿಯುತ್ತಾರೆ. ಆದ್ದರಿಂದ ಅವರಿಗೆ ಕೆಲಸ ಸಿಗುವುದಿದ್ದರೆ ಊರಿನಲ್ಲೇ ಸಿಗಬೇಕು.

ಈ ತಾಲೂಕಿನ ಇನ್ನೊಂದು ಸಂಕಟ ಆಡಳಿತದ್ದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯನ್ನು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಸಂವಿಧಾನದ 371(ಜೆ) ವಿಧಿಯ ಸವಲತ್ತು ತಮಗೂ ಸಿಗಬೇಕೆಂದು ಜನ ಹೋರಾಡಿದ ಬಳಿಕ 2018ರಲ್ಲಿ ಅದು ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅಲ್ಲಿಗೆ ಸೇರಿತು. ಇಪ್ಪತ್ತೈದು ವರ್ಷಗಳೊಳಗೆ ಮೂರು ಬದಲಾವಣೆ. ಅರಸೀಕೆರೆಯವರಿಗೆ ಹತ್ತಿರದ ದೊಡ್ಡ ನಗರ ಇಂದಿಗೂ ದಾವಣಗೆರೆಯೇ. ಆದರೆ ಅವರ ಜಿಲ್ಲಾ ಕಚೇರಿಗಳು ಇರುವುದು ದೂರದ ಹೊಸಪೇಟೆಯಲ್ಲಿ. ಕಡತವೂ ಕುಂಟುತ್ತದೆ, ಕಡತದ ಹಿಂದೆ ಓಡಾಡುವ ಮನುಷ್ಯನೂ ಕುಂಟುತ್ತಾನೆ.

ಇಂಥ ಊರಿನಲ್ಲಿ ಉದ್ಯೋಗದಾತ ಎಂದರೆ ಯಾರು? ಕಾರ್ಖಾನೆಯ ಮಾಲೀಕನಲ್ಲ. ಹಿಟ್ಟಿನ ಗಿರಣಿಯವನು, ವೆಲ್ಡಿಂಗ್ ಶಾಪಿನವನು, ಟೈಲರ್, ಬೀಜ ಗೊಬ್ಬರದ ಅಂಗಡಿಯವನು, ಖಾನಾವಳಿ ನಡೆಸುವ ಹೆಂಗಸು, ಮೊಬೈಲ್ ರಿಪೇರಿಯವನು, ಹಾಲಿನ ಡೇರಿಯ ಸಂಘ. ಒಬ್ಬಿಬ್ಬರು, ಹೆಚ್ಚೆಂದರೆ ಐದಾರು ಮಂದಿ ಕೆಲಸಗಾರರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಲೆಕ್ಕ ಹಾಕಬೇಕು.

ಅಂಕಿ ಅಂಶ ಏನು ಹೇಳುತ್ತದೆ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಮಂದಿ ವಿಕಲಚೇತನರಿದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ 13.24 ಲಕ್ಷ. ದೇಶದ ಒಟ್ಟು ವಿಕಲಚೇತನರಲ್ಲಿ ದುಡಿಮೆಯಲ್ಲಿದ್ದವರು ಸುಮಾರು ಶೇ. 36 ಮಾತ್ರ. ಪುರುಷರಲ್ಲಿ ಇದು ಶೇ. 47ರಷ್ಟಿದ್ದರೆ ಮಹಿಳೆಯರಲ್ಲಿ ಶೇ. 23. ಅಂದರೆ ನಾಲ್ವರು ವಿಕಲಚೇತನ ಮಹಿಳೆಯರಲ್ಲಿ ಒಬ್ಬಳಿಗೂ ಸರಿಯಾಗಿ ಕೆಲಸವಿರಲಿಲ್ಲ.

ಆ ಜನಗಣತಿಯ ನಂತರ ಕಾನೂನು ಬದಲಾಗಿದೆ. 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರಲ್ಲಿ ಸಂಸತ್ತು ಒಪ್ಪಿದ, 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಗುರುತಿಸುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ವಿಕಲಚೇತನ ಎಂದರೆ ಪೋಲಿಯೊದಿಂದ ಕಾಲು ಸೊರಗಿದ ವ್ಯಕ್ತಿ ಎಂಬ ಚಿತ್ರ ನಮ್ಮ ಜನರ ಮನಸ್ಸಿನಲ್ಲಿ ಇನ್ನೂ ಇದೆ. ಭಾರತ 2014ರಲ್ಲಿ ಪೋಲಿಯೊ ಮುಕ್ತವೆಂದು ಘೋಷಿತವಾಯಿತು. ಇಂದು ಕೆಲಸ ಕೇಳಿಕೊಂಡು ಬರುವ ಯುವಜನರಲ್ಲಿ ಕಿವಿ ಕೇಳದವರು, ಬುದ್ಧಿಮಾಂದ್ಯತೆ ಇರುವವರು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಇದ್ದಾರೆ. ಇವರಿಗೆ ಬೇಕಾದುದು ಇಳಿಜಾರು ದಾರಿಯಲ್ಲ, ಹೇಳಿಕೊಡುವ ತಾಳ್ಮೆ. ಅಂಗಡಿಯ ಮಾಲೀಕನಿಗೆ ಸಿಮೆಂಟು ತರಿಸುವುದು ಗೊತ್ತು, ತಾಳ್ಮೆಯನ್ನು ಎಲ್ಲಿಂದ ತರಿಸುವುದು?

ಕಾನೂನು ಭಾರ ಹೊರಿಸಿದ್ದು ಯಾರ ಮೇಲೆ?

2016ರ ಕಾಯಿದೆಯ ಮೂರು ಮಾತುಗಳನ್ನು ಗಮನಿಸಬೇಕು.

ಮೊದಲನೆಯದು, ಅದರ 34ನೇ ಕಲಂ. ಸರಕಾರಿ ಸಂಸ್ಥೆಗಳಲ್ಲಿ ಶೇ. 4ಕ್ಕಿಂತ ಕಡಿಮೆಯಿಲ್ಲದಂತೆ ಹುದ್ದೆಗಳನ್ನು ಮೀಸಲಿಡಬೇಕು. ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗುವುದು ಇದೇ. ಆದರೆ ಅರಸೀಕೆರೆಯಂಥ ಊರಿನಲ್ಲಿ ಸರಕಾರಿ ಹುದ್ದೆಗಳೆಷ್ಟು?

ಎರಡನೆಯದು, 35ನೇ ಕಲಂ. ಖಾಸಗಿ ಉದ್ಯೋಗದಾತರ ಸಿಬ್ಬಂದಿಯಲ್ಲಿ ಕನಿಷ್ಠ ಶೇ. 5ರಷ್ಟು ಮಂದಿ ವಿಕಲಚೇತನರಿರುವಂತೆ ಮಾಡಲು ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ಆರ್ಥಿಕ ಶಕ್ತಿಗೆ ಅನುಸಾರವಾಗಿ ಪ್ರೋತ್ಸಾಹ ನೀಡಬೇಕು ಎನ್ನುತ್ತದೆ ಅದು. ಸ್ಥಳೀಯ ಸಂಸ್ಥೆಗಳು ಎಂಬ ಪದವನ್ನು ನಾವು ಓದಿಯೂ ಓದದಂತೆ ದಾಟಿ ಹೋಗುತ್ತೇವೆ. ಕಾಯಿದೆಯ ಲೆಕ್ಕದಲ್ಲಿ ಪಂಚಾಯತ್ ಕೂಡ ಸ್ಥಳೀಯ ಸಂಸ್ಥೆಯೇ. ಅಂದರೆ ಉದ್ಯೋಗದಾತನಿಗೆ ಬೆಂಬಲ ನೀಡುವ ಹೊಣೆ ದೆಹಲಿ, ಬೆಂಗಳೂರುಗಳಿಗೆ ಮಾತ್ರ ಸೇರಿದ್ದಲ್ಲ, ಊರಿನ ಪಂಚಾಯತಿಗೂ ಸೇರಿದ್ದು.

ಮೂರನೆಯದು ಸೂಕ್ತ ಹೊಂದಾಣಿಕೆ ಎಂಬ ತತ್ವ. ಒಬ್ಬ ವಿಕಲಚೇತನ ಇತರರಂತೆ ಕೆಲಸ ಮಾಡಲು ಬೇಕಾಗುವ ಬದಲಾವಣೆಯನ್ನು, ಅತಿಯಾದ ಭಾರವಾಗದಂತೆ, ಮಾಡಿಕೊಡಬೇಕು ಎಂಬುದು ಇದರ ಸಾರ. ಇಂಥ ಹೊಂದಾಣಿಕೆ ಆಗುವಂತೆ ಸರಕಾರವೇ ಕ್ರಮ ಕೈಗೊಳ್ಳಬೇಕು ಎಂದು 3ನೇ ಕಲಮಿನಲ್ಲಿ ಹೇಳಿದೆ. ಭಾರ ಅತಿಯೋ ಅಲ್ಲವೋ ಎಂಬುದು ಹೊರುವವನ ಹೆಗಲನ್ನು ಅವಲಂಬಿಸಿದೆ. ಎಂಟು ಸಾವಿರ ರೂಪಾಯಿಯ ಒಂದು ಉಪಕರಣ ಕಾರ್ಖಾನೆಗೆ ಏನೂ ಅಲ್ಲ. ಇಬ್ಬರು ಕೆಲಸಗಾರರ ವೆಲ್ಡಿಂಗ್ ಶಾಪಿಗೆ ಅದು ತಿಂಗಳ ಲಾಭವೇ ಆಗಬಹುದು. ಆ ಎಂಟು ಸಾವಿರವನ್ನು ಹೊರಗಿನಿಂದ ಯಾರಾದರೂ ಕೊಟ್ಟರೆ ಭಾರ ಎಂಬ ನೆಪವೇ ಉಳಿಯುವುದಿಲ್ಲ. ಹೊರಗಿನ ಬೆಂಬಲ ಎಂದರೆ ಮಾಲೀಕನಿಗೆ ಕೊಡುವ ದಾನವಲ್ಲ. ಕಾನೂನು ಸಮಾಜದ ಮೇಲೆ ಹೊರಿಸಿದ ಭಾರವನ್ನು ಒಬ್ಬನ ಹೆಗಲಿನಿಂದ ಇಳಿಸಿ ಹಂಚಿಕೊಳ್ಳುವುದು ಅಷ್ಟೆ.

ಒಳ್ಳೆಯ ಯೋಜನೆ ಬಡವನ ಅಂಗಡಿಗೆ ತಲುಪಲಿಲ್ಲ

ಸರಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2007-08ರ ಕೇಂದ್ರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ವರ್ಷಕ್ಕೆ ಒಂದು ಲಕ್ಷ ವಿಕಲಚೇತನರಿಗೆ ಖಾಸಗಿ ಕ್ಷೇತ್ರದಲ್ಲಿ ಉದ್ಯೋಗ ದೊರಕಿಸುವ ಯೋಜನೆ ಪ್ರಕಟಿಸಿದರು. ಹನ್ನೊಂದನೇ ಪಂಚವಾರ್ಷಿಕ ಯೋಜನೆಗೆ ಇದರ ಅಂದಾಜು ವೆಚ್ಚ 1,800 ಕೋಟಿ ರೂಪಾಯಿ. 2008ರ ಏಪ್ರಿಲ್ 1ರ ನಂತರ ನೇಮಕವಾದ, ತಿಂಗಳಿಗೆ 25,000 ರೂ.ವರೆಗೆ ಸಂಬಳ ಪಡೆಯುವ ವಿಕಲಚೇತನ ನೌಕರರ ಪರವಾಗಿ ಮಾಲೀಕ ಕಟ್ಟಬೇಕಾದ ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆಯನ್ನು ಮೊದಲ ಮೂರು ವರ್ಷ ಸರಕಾರವೇ ಭರಿಸುವುದು ಈ ಯೋಜನೆ.

ಇಂದಿನ ದರದಲ್ಲಿ ಲೆಕ್ಕ ಹಾಕೋಣ. ತಿಂಗಳಿಗೆ 10,000 ರೂ. ಸಂಬಳದ ನೌಕರನಿಗೆ ಮಾಲೀಕನ ಭವಿಷ್ಯನಿಧಿ ಪಾಲು ಶೇ. 12ರಂತೆ 1,200 ರೂ. ಇ.ಎಸ್.ಐ. ಪಾಲು ಶೇ. 3.25ರಂತೆ 325 ರೂ. ಒಟ್ಟು 1,525 ರೂ. ಸಣ್ಣ ಮೊತ್ತವಲ್ಲ. ಹಾಗಿದ್ದರೂ ಯೋಜನೆಗೆ ಬಂದ ಸ್ಪಂದನೆ ಗುರಿಗೆ ಹೋಲಿಸಿದರೆ ತೀರಾ ನೀರಸವಾಗಿತ್ತು. ಒಂದು ಮುಖ್ಯ ಕಾರಣ ಸರಳ. ಭವಿಷ್ಯನಿಧಿ ಕಡ್ಡಾಯವಾಗುವುದು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ, ಇ.ಎಸ್.ಐ. 10 ಅಥವಾ ಹೆಚ್ಚು ನೌಕರರಿರುವ ಕಡೆಗೆ. ಅರಸೀಕೆರೆಯ ಗಿರಣಿಯವನು ಈ ಎರಡನ್ನೂ ಕಟ್ಟುವವನೇ ಅಲ್ಲ. ಕಟ್ಟದ ಹಣವನ್ನು ಸರಕಾರ ಹೇಗೆ ಮರಳಿಸೀತು?

2025ರ ಆಗಸ್ಟ್ 1ರಂದು ಆರಂಭವಾದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯ ಕತೆಯೂ ಇದೇ. ಹೊಸದಾಗಿ ಸೇರಿಸಿಕೊಂಡ ಪ್ರತಿ ನೌಕರನಿಗೆ ತಿಂಗಳಿಗೆ 3,000 ರೂ.ವರೆಗೆ ಎರಡು ವರ್ಷ ಮಾಲೀಕನಿಗೆ ಪ್ರೋತ್ಸಾಹಧನ ಸಿಗುತ್ತದೆ. 2027ರ ಜುಲೈ 31ರವರೆಗಿನ ನೇಮಕಾತಿಗಳಿಗೆ ಇದು ಅನ್ವಯ. ಇದು ವಿಕಲಚೇತನರಿಗಾಗಿ ಮಾಡಿದ ಯೋಜನೆಯಲ್ಲ, ಆದರೂ ಅವರನ್ನು ಸೇರಿಸಿಕೊಂಡರೂ ಸಿಗುತ್ತದೆ. ಆದರೆ ಸಂಸ್ಥೆ ಭವಿಷ್ಯನಿಧಿಯಲ್ಲಿ ನೋಂದಾಯಿತವಾಗಿರಬೇಕು. ಐವತ್ತಕ್ಕಿಂತ ಕಡಿಮೆ ನೌಕರರಿದ್ದರೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿಕೊಂಡು ಆರು ತಿಂಗಳು ಉಳಿಸಿಕೊಳ್ಳಬೇಕು. ಒಬ್ಬನಿಗೆ ಕೆಲಸ ಕೊಡಲು ಹಿಂದೆ ಮುಂದೆ ನೋಡುವ ಅಂಗಡಿಯವನಿಗೆ ಇಬ್ಬರನ್ನು ಸೇರಿಸಿಕೋ ಎಂದರೆ?

ಈ ಎರಡೂ ಯೋಜನೆಗಳು ಹಣದ ಭಾರವನ್ನು ಇಳಿಸುತ್ತವೆ. ಆದರೆ ಹಳ್ಳಿಯ ಮಾಲೀಕನ ಭಾರ ಬೇರೆಯೇ.

ನಿಜವಾದ ಭಾರ ಎಲ್ಲಿದೆ?

ಮೊದಲನೆಯದು ಮೊದಲ ಮೂರು ತಿಂಗಳು. ಹೊಸಬ ಯಾರೇ ಆಗಲಿ ಕೆಲಸ ಕಲಿಯುವ ತನಕ ಮಾಲೀಕನಿಗೆ ನಷ್ಟವೇ. ಬುದ್ಧಿಮಾಂದ್ಯತೆ ಇರುವ ಯುವಕ ಕಲಿಯಲು ಹೆಚ್ಚು ಸಮಯ ಬೇಕು. ಒಮ್ಮೆ ಕಲಿತರೆ ಮರೆಯುವುದಿಲ್ಲ ಎಂಬುದನ್ನು ಅನುಭವಸ್ಥರು ಬಲ್ಲರು. ಆದರೆ ಅಲ್ಲಿಯ ತನಕ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರು? ಗಿರಾಕಿಗಳು ಕಾಯುತ್ತಿರುವಾಗ ಮಾಲೀಕನಿಗೆ ಪುರುಸೊತ್ತಿಲ್ಲ.

ಎರಡನೆಯದು ಸಾಮಾನು ಸರಂಜಾಮು. ಎತ್ತರದ ಕಟ್ಟೆಗೆ ಒಂದು ಮೆಟ್ಟಿಲು, ಕೈಯಿಂದ ಓಡಿಸುವ ಹೊಲಿಗೆ ಯಂತ್ರ, ಕಿವಿ ಕೇಳದವನಿಗೆ ಗಂಟೆಯ ಬದಲು ದೀಪ, ಬಳಸಬಹುದಾದ ಒಂದು ಶೌಚಾಲಯ. ಕೊನೆಯದಂತೂ ಮಹಿಳೆಯರ ಪಾಲಿಗೆ ಕೆಲಸ ಉಳಿಯುವುದೋ ಇಲ್ಲವೋ ಎಂಬುದನ್ನೇ ನಿರ್ಧರಿಸುತ್ತದೆ.

ಮೂರನೆಯದು ಹೆದರಿಕೆ. ಅಪಘಾತವಾದರೆ ಊರವರು ನನ್ನನ್ನೇ ಬೈದಾರು ಎಂದು ಮಾಲೀಕ ಹೆದರುತ್ತಾನೆ. ಸಂಬಳ ಕಾಗದದ ಮೇಲೆ ಬಂದರೆ ಮಾಸಾಶನ ನಿಂತೀತು ಎಂದು ಕೆಲಸಗಾರನ ಮನೆಯವರು ಹೆದರುತ್ತಾರೆ. ಮಾಸಾಶನಕ್ಕೆ ಆದಾಯದ ಮಿತಿ ಇರುವುದರಿಂದ ಈ ಹೆದರಿಕೆ ಸುಳ್ಳಲ್ಲ. ನಾಳೆ ಉಳಿಯುವುದೋ ಇಲ್ಲವೋ ಎಂದು ತಿಳಿಯದ ಕೆಲಸಕ್ಕಾಗಿ ತಿಂಗಳಿಗೆ ತಪ್ಪದೆ ಬರುವ ಹಣವನ್ನು ಯಾರು ಬಿಟ್ಟುಕೊಡುತ್ತಾರೆ?

ಈ ಮೂರಕ್ಕೂ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಎರಡು ಮೂರು ತಿಂಗಳಲ್ಲಿ ಹುಡುಗ ಮನೆಗೆ ಮರಳುತ್ತಾನೆ. ಮಾಲೀಕ, ಒಮ್ಮೆ ನೋಡಿ ಆಯಿತು, ಇನ್ನು ಬೇಡ ಎನ್ನುತ್ತಾನೆ. ಸಣ್ಣ ಊರಿನಲ್ಲಿ ಈ ಒಂದು ಮಾತು ಹತ್ತು ಅಂಗಡಿಗಳಿಗೆ ಹಬ್ಬುತ್ತದೆ. ಮುಂದಿನ ಐದು ಮಂದಿಗೆ ಬಾಗಿಲು ತೆರೆಯುವ ಮೊದಲೇ ಮುಚ್ಚಿಹೋಗುತ್ತದೆ. ಒಂದು ನೇಮಕಾತಿಯ ಸೋಲು ಒಬ್ಬನ ಸೋಲಾಗಿ ಉಳಿಯುವುದಿಲ್ಲ ಎಂಬುದೇ ಇಲ್ಲಿನ ಗಂಭೀರ ವಿಷಯ.

ಬೇರೆ ದೇಶಗಳು ಏನು ಮಾಡಿವೆ?

ಜರ್ಮನಿಯಲ್ಲಿ 20 ಅಥವಾ ಹೆಚ್ಚು ಹುದ್ದೆಗಳಿರುವ ಉದ್ಯೋಗದಾತ ಶೇ. 5ರಷ್ಟು ಹುದ್ದೆಗಳನ್ನು ತೀವ್ರ ವೈಕಲ್ಯವುಳ್ಳವರಿಗೆ ಕೊಡಬೇಕು. ಕೊಡದಿದ್ದರೆ ಪ್ರತಿ ತಿಂಗಳು ನಿಗದಿತ ಮೊತ್ತ ಕಟ್ಟಬೇಕು. ಆ ಹಣ ಸರಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುವುದಿಲ್ಲ. ವಿಕಲಚೇತನರಿಗೆ ಕೆಲಸ ಕೊಟ್ಟವರಿಗೆ ಉಪಕರಣ, ಸಲಹೆ, ಸಂಬಳದ ನೆರವು ಕೊಡಲು ಬಳಕೆಯಾಗುತ್ತದೆ. ಕೊಡದವನು ಕಟ್ಟುತ್ತಾನೆ, ಕೊಟ್ಟವನು ಪಡೆಯುತ್ತಾನೆ.

ಬ್ರಿಟನ್ನಿನಲ್ಲಿ 1994ರಿಂದ ಆಕ್ಸೆಸ್ ಟು ವರ್ಕ್ ಎಂಬ ಯೋಜನೆ ಇದೆ. ವಿಶೇಷ ಉಪಕರಣ, ಕೆಲಸಕ್ಕೆ ಹೋಗಿಬರುವ ವೆಚ್ಚ, ಪಕ್ಕದಲ್ಲಿ ನಿಂತು ನೆರವಾಗುವ ವ್ಯಕ್ತಿ, ಇವುಗಳಿಗೆ ಸರಕಾರ ಹಣ ಕೊಡುತ್ತದೆ. ಅಮೆರಿಕದಲ್ಲಿ 1983ರಿಂದ ಉದ್ಯೋಗದಾತರಿಗೆ ಫೋನಿನಲ್ಲೇ ಉಚಿತ ಸಲಹೆ ನೀಡುವ ಕೇಂದ್ರವೊಂದಿದೆ. ಅದು ಮಾಲೀಕರನ್ನು ಕೇಳಿ ನಡೆಸುವ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ ಎಂದರೆ, ಬೇಕಾದ ಹೊಂದಾಣಿಕೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಒಂದು ಪೈಸೆಯೂ ಖರ್ಚಾಗುವುದಿಲ್ಲ. ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಕೇಳಲು ಒಬ್ಬ ಮನುಷ್ಯ. ಈ ಪಾಠ ಅರಸೀಕೆರೆಗೂ ಸಲ್ಲುತ್ತದೆ.

ನಮ್ಮ ರಾಜ್ಯದ ಅನುಭವ

ಹೊರದೇಶದ ಮಾತು ನಮಗೇಕೆ ಎನ್ನುವವರಿಗೆ ಕರ್ನಾಟಕದಲ್ಲೇ ಉದಾಹರಣೆಗಳಿವೆ. ಬೆಂಗಳೂರಿನ ಅಸೋಸಿಯೇಶನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು 1959ರಲ್ಲಿ ಕಟ್ಟಿದ ಎನ್.ಎಸ್. ಹೇಮಾ ಸ್ವತಃ ವಿಕಲಚೇತನರು. 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಕೆಲಸ ಕೇಳುವವರಿಗೆ ತರಬೇತಿ ಕೊಡುವುದರ ಜೊತೆಗೆ ಕಂಪೆನಿಗಳಿಗೂ ದಾರಿ ತೋರಿಸುತ್ತದೆ. ಗಡಿಯಾಚೆಯ ಹೊಸೂರಿನಲ್ಲಿ ಟೈಟಾನ್ ಗಡಿಯಾರ ಕಾರ್ಖಾನೆ ದಶಕಗಳಿಂದ ವಿಕಲಚೇತನರಿಗೆ ಕೆಲಸ ಕೊಡುತ್ತ ಬಂದಿದೆ.

ಬಯಲುಸೀಮೆಗೆ ಹತ್ತಿರದ ಉದಾಹರಣೆ ಹುಬ್ಬಳ್ಳಿಯದು. ವಿಕಲಚೇತನರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಶುರುವಾದುದು ಬೆಂಗಳೂರಿನಲ್ಲಲ್ಲ, ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ. ಅಲೀನಾ ಆಲಂ ಎಂಬ ಯುವತಿ ಆರಂಭಿಸಿದ ಈ ಪ್ರಯತ್ನ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆವರಣದ ತನಕ ತಲುಪಿತು. ಅಲ್ಲಿ ದುಡಿಯುವವರ ಸಾಮರ್ಥ್ಯವನ್ನು ಎಲ್ಲರೂ ಹೊಗಳುತ್ತಾರೆ, ಅದು ಸರಿಯೇ. ಆದರೆ ಅದರ ಬೆನ್ನಿಗೆ ನಿಂತವರನ್ನೂ ನೋಡಬೇಕು. ಒಂದು ವಿದ್ಯಾಸಂಸ್ಥೆ ತನ್ನ ಆವರಣದಲ್ಲಿ ಜಾಗ ಕೊಟ್ಟಿತು. ಆ ಜಾಗದಲ್ಲಿ ಗಿರಾಕಿಗಳು ಮೊದಲೇ ಇದ್ದರು. ಮೊದಲ ದಿನಗಳ ನಷ್ಟ ಹೊರಲು ಒಂದು ಸಂಸ್ಥೆ ಇತ್ತು. ಈ ಮೂರನ್ನು ಕಳೆದರೆ ಆ ಹೆಸರು ಇಂದು ನಮಗೆ ಗೊತ್ತಾಗುತ್ತಿರಲಿಲ್ಲ.

ಅರಸೀಕೆರೆಯಲ್ಲಿ ಕೈಗೆ ಸಿಗುವುದು ಏನು?

ಹೋಬಳಿ ಮಟ್ಟದಲ್ಲಿ ಏನೂ ಇಲ್ಲ ಎಂದು ಕೈಚೆಲ್ಲುವ ಮೊದಲು ಇರುವುದನ್ನು ಎಣಿಸೋಣ.

ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಇರುತ್ತಾರೆ. ಗ್ರಾಮೀಣ ಕಾರ್ಯಕರ್ತರು ಸಾಮಾನ್ಯವಾಗಿ ತಾವೂ ವಿಕಲಚೇತನರೇ. ಗೌರವಧನದ ಮೇಲೆ ದುಡಿಯುವ ಇವರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಗೊತ್ತು. ಇಂದು ಅವರ ಹೆಚ್ಚಿನ ಸಮಯ ಗುರುತಿನ ಚೀಟಿ, ಮಾಸಾಶನ, ಸಮೀಕ್ಷೆಗಳಲ್ಲೇ ಕಳೆಯುತ್ತದೆ.

ಗ್ರಾಮ ಪಂಚಾಯತಿಗಳು ತಮ್ಮ ನಿಧಿಯಲ್ಲಿ ಶೇ. 5ನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಈ ಹಣ ಪೂರ್ತಿ ಖರ್ಚಾಗುವುದಿಲ್ಲ ಎಂಬ ದೂರು ವಿಕಲಚೇತನರ ಸಂಘಟನೆಗಳಿಂದ ಆಗಾಗ ಬರುತ್ತದೆ. ಖರ್ಚಾದಾಗಲೂ ಹೆಚ್ಚಾಗಿ ವಸ್ತು ಹಂಚಿಕೆಗೆ ಹೋಗುತ್ತದೆ. ಪಂಚಾಯತಿಯ ಸ್ವಂತ ಆದಾಯ 10 ಲಕ್ಷ ರೂ. ಇದ್ದರೆ ಶೇ. 5 ಎಂದರೆ 50,000 ರೂ. ಇದರಲ್ಲಿ ಪ್ರತಿ ವರ್ಷ ನಾಲ್ಕೈದು ಅಂಗಡಿಗಳಿಗೆ ಬೇಕಾದ ಉಪಕರಣ, ಮೆಟ್ಟಿಲು ಮಾಡಿಸಿಕೊಡಬಹುದು. ಉದ್ಯೋಗದಾತನಿಗೆ ಸ್ಥಳೀಯ ಸಂಸ್ಥೆ ಪ್ರೋತ್ಸಾಹ ನೀಡಬೇಕೆಂದು 35ನೇ ಕಲಂ ಹೇಳಿರುವಾಗ ಇದನ್ನು ಗ್ರಾಮಸಭೆಯಲ್ಲಿ ಕೇಳಲು ಯಾರೂ ಅಂಜಬೇಕಾಗಿಲ್ಲ. ಇಲಾಖೆಯೂ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿದರೆ ಪಂಚಾಯತ್ ಅಧಿಕಾರಿಗಳ ಲೆಕ್ಕಪರಿಶೋಧನೆಯ ಭಯ ದೂರವಾದೀತು.

ದಾವಣಗೆರೆಯಲ್ಲಿ ಕೇಂದ್ರ ಸರಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಕೌಶಲಾಭಿವೃದ್ಧಿ, ಪುನರ್ವಸತಿ ಮತ್ತು ಸಬಲೀಕರಣ ಅದರ ಹೆಸರಿನಲ್ಲೇ ಇದೆ. ಜಿಲ್ಲೆಯ ಗಡಿ ಬದಲಾದರೂ ಅರಸೀಕೆರೆಯಿಂದ ದಾವಣಗೆರೆಯ ದಾರಿ ಉದ್ದವಾಗಿಲ್ಲ. ಒಬ್ಬ ಯುವಕನ ಸಾಮರ್ಥ್ಯ ಏನು, ಯಾವ ಕೆಲಸ ಹೊಂದೀತು ಎಂಬುದನ್ನು ಅಲ್ಲಿನ ತಜ್ಞರು ನೋಡಿ ಹೇಳಿದರೆ ಮಾಲೀಕನ ಅರ್ಧ ಆತಂಕ ಕಡಿಮೆಯಾಗುತ್ತದೆ.

ಹೋಗಿಬರುವುದಕ್ಕೆ ಸಾರಿಗೆ ನಿಗಮಗಳ ರಿಯಾಯಿತಿ ಬಸ್ ಪಾಸ್ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅಪಘಾತದ ಹೆದರಿಕೆಗೆ ಪ್ರಧಾನಮಂತ್ರಿ ಸುರಕ್ಷಾ ವಿಮೆ ಇದೆ. ವರ್ಷಕ್ಕೆ 20 ರೂ. ಕಂತಿಗೆ ಅಪಘಾತದ ಸಾವು ಅಥವಾ ಪೂರ್ಣ ವೈಕಲ್ಯಕ್ಕೆ 2 ಲಕ್ಷ ರೂ. ರಕ್ಷಣೆ. ಮಾಲೀಕನೇ ಆ 20 ರೂ. ಕಟ್ಟಿದರೂ ದೊಡ್ಡ ಮಾತಲ್ಲ.

ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನೂ ಮರೆಯಬಾರದು. 2013ರ ಕಂಪೆನಿ ಕಾಯಿದೆಯ ಏಳನೇ ಅನುಸೂಚಿಯಲ್ಲಿ ವಿಕಲಚೇತನರ ಉದ್ಯೋಗ ಕೌಶಲವನ್ನು ಹೆಸರಿಸಲಾಗಿದೆ. ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ಕಂಪೆನಿಗಳು ಒಬ್ಬ ಗಿರಣಿಯವನ ಅರ್ಜಿ ಓದುವುದಿಲ್ಲ. ಇಪ್ಪತ್ತು ಅಂಗಡಿಗಳ ಪರವಾಗಿ ಒಂದು ನೋಂದಾಯಿತ ಸಂಸ್ಥೆ ಹೋದರೆ ಓದಬಹುದು.

ಹೀಗೆ ನೋಡಿದರೆ ತುಂಡುಗಳೆಲ್ಲ ಇವೆ. ಅವನ್ನು ಹೊಲಿಯುವ ಕೈ ಇಲ್ಲ. ಅಂಗಡಿಯವನು ಪಂಚಾಯತಿಗೆ, ದಾವಣಗೆರೆಗೆ, ಹೊಸಪೇಟೆಗೆ, ಬ್ಯಾಂಕಿಗೆ ಅಲೆಯಲಾರ. ಅವನಿಗೆ ಬೇಕಾದುದು ಒಬ್ಬ ವ್ಯಕ್ತಿ, ಒಂದು ಫೋನ್ ನಂಬರು. ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ ಅಂಗಡಿಗೆ ಬಂದು ಕೆಲಸಗಾರನ ಪಕ್ಕದಲ್ಲಿ ನಿಲ್ಲುವ, ಮನೆಯವರೊಡನೆ ಮಾತನಾಡುವ, ಕಾಗದ ಪತ್ರ ನೋಡಿಕೊಳ್ಳುವ ಒಬ್ಬ ವ್ಯಕ್ತಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಿಗೆ ಇದಕ್ಕಾಗಿ ತರಬೇತಿ ಮತ್ತು ಹೆಚ್ಚುವರಿ ಗೌರವಧನ ಕೊಟ್ಟರೆ ಅವನೇ ಆ ವ್ಯಕ್ತಿಯಾಗಬಲ್ಲ. ಹೊಸ ಕಟ್ಟಡ, ಹೊಸ ಇಲಾಖೆ ಯಾವುದೂ ಬೇಡ.

ಎಚ್ಚರಿಕೆಯ ಮಾತು

ಬೆಂಬಲದ ಹೆಸರಿನಲ್ಲಿ ದುರುಪಯೋಗ ಆಗದೇ? ಆಗಬಹುದು. ನೆರವು ಇರುವ ತನಕ ಇಟ್ಟುಕೊಂಡು ಆಮೇಲೆ ಕಳುಹಿಸುವವರು ಎಲ್ಲ ಕಡೆಯೂ ಇರುತ್ತಾರೆ. ಆದ್ದರಿಂದ ನಗದು ನೆರವಿಗಿಂತ ಉಪಕರಣ, ತರಬೇತಿ, ಜೊತೆಗಾರನ ರೂಪದ ನೆರವು ಮೇಲು. ಉಪಕರಣ ಕೆಲಸಗಾರನ ಹೆಸರಿನಲ್ಲಿರಲಿ, ಅಂಗಡಿ ಬಿಟ್ಟರೂ ಅವನ ಜೊತೆ ಹೋಗಲಿ.

ಇನ್ನೊಂದು ಅಪಾಯ ಸಂಬಳದ್ದು. ಹೇಗೂ ಪುಣ್ಯಕ್ಕೆ ಇಟ್ಟುಕೊಂಡಿದ್ದೇನೆ, ಊಟ ಕೊಟ್ಟು ಕೈಗಿಷ್ಟು ಕೊಟ್ಟರೆ ಸಾಕು ಎಂಬ ಮನೋಭಾವ ನಮ್ಮಲ್ಲಿ ಆಳವಾಗಿದೆ. ಇದು ಉದ್ಯೋಗವಲ್ಲ, ದುಡಿಸಿಕೊಳ್ಳುವುದು. ಹೊರಗಿನ ಬೆಂಬಲ ಪಡೆಯುವ ಮಾಲೀಕ ಕನಿಷ್ಠ ವೇತನವನ್ನು ಬ್ಯಾಂಕ್ ಖಾತೆಗೇ ಹಾಕಬೇಕೆಂಬ ಷರತ್ತು ಇರಲೇಬೇಕು. ಹಾಗೆಯೇ ಮೊದಲ ಒಂದೆರಡು ವರ್ಷ ಸಂಬಳ ಬಂದರೂ ಮಾಸಾಶನ ನಿಲ್ಲದಂತೆ ಸರಕಾರ ನೋಡಿಕೊಂಡರೆ ಮನೆಯವರ ಹೆದರಿಕೆಗೆ ಉತ್ತರ ಸಿಕ್ಕೀತು.

ನಮಗೆ ಸಂಬಂಧಿಸಿದ್ದು

ಕರಾವಳಿಯ ಓದುಗರು ಇದನ್ನು ಬಯಲುಸೀಮೆಯ ಕತೆ ಎಂದು ಬದಿಗಿಡುವಂತಿಲ್ಲ. ಪಾಂಬೂರಿನ ಮಾನಸ, ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ, ಸಾನಿಧ್ಯ ಮುಂತಾದ ಸಂಸ್ಥೆಗಳು ವಿಶೇಷ ಮಕ್ಕಳಿಗೆ ಆಸರೆಯಾಗಿವೆ. ಆದರೆ ಆ ಮಕ್ಕಳು ಬೆಳೆದು ಹದಿನೆಂಟು ದಾಟಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಪ್ರತಿ ಧರ್ಮಕೇಂದ್ರದ ಹೆತ್ತವರದ್ದೂ ಹೌದು. ಶಾಲೆ ಕಟ್ಟುವುದರಲ್ಲಿ ನಾವು ಮುಂದು, ಶಾಲೆಯ ನಂತರದ ದಾರಿ ಕಟ್ಟುವುದರಲ್ಲಿ ಅಷ್ಟು ಮುಂದಿಲ್ಲ.

ಇದಲ್ಲದೆ ನಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳೂ ಉದ್ಯೋಗದಾತರೇ. 2016ರ ಕಾಯಿದೆಯ 21ನೇ ಕಲಂ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. 2017ರ ಕೇಂದ್ರ ನಿಯಮಾವಳಿಯಂತೆ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಆ ನೀತಿಯಲ್ಲಿ ಯಾವ ಹುದ್ದೆಗಳು ವಿಕಲಚೇತನರಿಗೆ ಸೂಕ್ತ ಎಂಬ ಪಟ್ಟಿಯನ್ನೂ, ಇದನ್ನು ನೋಡಿಕೊಳ್ಳುವ ಸಂಪರ್ಕಾಧಿಕಾರಿಯನ್ನೂ ಸೂಚಿಸಬೇಕು. ನಮ್ಮ ಸಂಸ್ಥೆಗಳಲ್ಲಿ ಇದು ಎಲ್ಲೆಲ್ಲಿ ಆಗಿದೆ ಎಂದು ಪಾಲನಾ ಮಂಡಳಿಗಳು ಮತ್ತು ಶಿಕ್ಷಕ ರಕ್ಷಕ ಸಂಘಗಳು ವಿನಯದಿಂದ ವಿಚಾರಿಸಬಹುದು.

ಸಣ್ಣ ಉದ್ಯೋಗದಾತರ ವಿಷಯದಲ್ಲಿ ಧರ್ಮಕೇಂದ್ರಗಳು ಮೂರು ಕೆಲಸ ಮಾಡಬಹುದು. ವಾಳೆಯ ಮಟ್ಟದಲ್ಲಿ ಕೆಲಸಕ್ಕೆ ಸಿದ್ಧರಿರುವ ವಿಕಲಚೇತನರ ಮತ್ತು ಕೆಲಸ ಕೊಡಲು ಮನಸ್ಸಿರುವ ಅಂಗಡಿ, ಬೇಕರಿ, ವರ್ಕ್‌ಶಾಪುಗಳ ಎರಡು ಪಟ್ಟಿ ಮಾಡಬಹುದು. ನಿವೃತ್ತ ಶಿಕ್ಷಕರು, ದಾದಿಯರು ಮೊದಲ ಮೂರು ತಿಂಗಳು ಜೊತೆಗಾರರಾಗಿ ನಿಲ್ಲಬಹುದು. ಊರಿನ ಗ್ರಾಮಸಭೆಗೆ ಹೋಗಿ ಶೇ. 5ರ ನಿಧಿ ಎಲ್ಲಿಗೆ ಹೋಯಿತು ಎಂದು ಕೇಳಬಹುದು. ಮೂರಕ್ಕೂ ಹೆಚ್ಚು ಹಣ ಬೇಡ. ಇದು ನಮ್ಮವರಿಗಷ್ಟೇ ಸೀಮಿತವಾಗಬೇಕಾಗಿಯೂ ಇಲ್ಲ, ಅಂಗಡಿಯ ಬಾಗಿಲು ಜಾತಿ ಮತ ಕೇಳಿ ತೆರೆಯುವುದಿಲ್ಲ.

ಮುಂದಿನ ಡಿಸೆಂಬರ್ 3ರಂದು ಸನ್ಮಾನ ಮಾಡುವಾಗ ವೇದಿಕೆಗೆ ಒಬ್ಬ ಗಿರಣಿಯವನನ್ನೋ ಟೈಲರನನ್ನೋ ಕರೆಯಿರಿ. ಶಾಲು ಹೊದಿಸುವ ಮೊದಲು ಒಂದು ಮಾತು ಕೇಳಿ: ನಿಮಗೆ ಏನು ಬೇಕು? ಅವನು ಹೇಳುವ ಉತ್ತರ ಶಾಲಿಗಿಂತ ಅಗ್ಗದ್ದೇ ಇರಬಹುದು.